ಹದಿನಾಲ್ಕು ಎಂದಿರುವಲ್ಲಿ ಐದು ಎಂದು ಓದಿಕೊಳ್ಳಿ

ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಬಾಗಿಲಿಗೆ ಬರುವವರೆಲ್ಲ ಏನಾದರೊಂದು ಮರ್ಯಾದೆ ಕೇಳಿಕೊಂಡು ಬರುತ್ತಾರೆ. ಪದಕ, ಪಿಂಚಣಿ, ಕ್ರೀಡಾಂಗಣದ ಗೇಟಿಗೊಂದು ಹೆಸರು, ಮುಂದಿನ ಸಾಲಿನಲ್ಲೊಂದು ಕುರ್ಚಿ. ನಾನು ಅವಮಾನ ಕೇಳಿಕೊಂಡು ಬಂದಿದ್ದೇನೆ. ನಲವತ್ತೊಂದು ವರ್ಷಗಳ ಹಿಂದೆ, ನಮ್ಮ ತಂಡ ವಿಶ್ವಕಪ್ಪಿಗೆ ಹೋದ ಒಂದೇ ಒಂದು ಸಲ, ಮೂರನೆಯ ಪಂದ್ಯದ ಎಂಬತ್ತಾರನೆಯ ನಿಮಿಷದಲ್ಲಿ ಚೆಂಡನ್ನು ನಮ್ಮದೇ ಬಲೆಗೆ ಹೊಡೆದವನು ನೀವು ಬರೆಸಿರುವಂತೆ ಹದಿನಾಲ್ಕನೇ ನಂಬರಿನ ಆಟಗಾರನಲ್ಲ. ಐದನೇ ನಂಬರಿನವನು. ನನ್ನ ಅಣ್ಣ. ಆ ಗೋಲನ್ನು ತನ್ನ ಲೆಕ್ಕಕ್ಕೆ ಬರೆಯಿರಿ ಎಂದು ಅವನು ಹನ್ನೊಂದು ಅರ್ಜಿ ಕೊಟ್ಟ. ಹನ್ನೊಂದಕ್ಕೂ ಆಗುವುದಿಲ್ಲ ಎಂದಿರಿ. ಹೋದ ತಿಂಗಳು ಅವನು ತೀರಿಕೊಂಡ. ಇದು ಹನ್ನೆರಡನೆಯ ಅರ್ಜಿ. ಹಿಂದಿನವನ್ನು ನಿಮ್ಮ ಕಪಾಟು ನುಂಗಿತು, ಅದಕ್ಕೆ ಇದನ್ನು ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಆದರೆ ನನ್ನ ಕೈಕೆಲಸ ಸದ್ಯದಲ್ಲೇ ನಿಮ್ಮ ಮೇಜಿಗೆ ಬರಲಿದೆ. ಮೂವತ್ತಮೂರು ವರ್ಷಗಳಿಂದ ನಾನು ಬೈಂಡಿಂಗ್ ಕೆಲಸದವಳು. ನೀವು ಬರುವ ಇಪ್ಪತ್ತನೇ ತಾರೀಕು ಕ್ರೀಡಾಂಗಣದಲ್ಲಿ ಬಿಡುಗಡೆ ಮಾಡಲಿರುವ ರಾಷ್ಟ್ರೀಯ ತಂಡದ ಇತಿಹಾಸವನ್ನು ಮಡಿಸಿ, ಜೋಡಿಸಿ, ಹೊಲಿಯಲು ಕೊಟ್ಟಿರುವುದು ನಮ್ಮ ಶೆಡ್ಡಿಗೆ. ಹಾಳೆ ಒಳ್ಳೆಯದು, ನುಣುಪಿನದು. ಹದಿನಾರು ಪುಟಕ್ಕೊಂದು ಫಾರಂ. ನಾಲ್ಕನೆಯ ಫಾರಂ ಕೈಗೆ ಬಂದಾಗ, ಅರವತ್ತೆರಡನೆಯ ಪುಟದಲ್ಲಿ ಆ ಫೋಟೋ. ನಿಮಗೂ ಗೊತ್ತಿರುವ ಫೋಟೋ. ಅಂದಿನ ಪತ್ರಿಕೆಗಳೆಲ್ಲ ಹಾಕಿದ್ದವು. ಮೈದಾನದಲ್ಲಿ ಮಂಡಿಯೂರಿದ ಒಬ್ಬ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾನೆ, ಬೆನ್ನು ನಮ್ಮ ಕಡೆಗಿದೆ, ಬೆನ್ನ ಮೇಲೆ ೧೪. ಪಕ್ಕದ ಅರವತ್ತಮೂರನೆಯ ಪುಟದ ಹನ್ನೊಂದನೇ ಸಾಲು: ‘ಹದಿನಾಲ್ಕನೇ ನಂಬರಿನ ಆಟಗಾರನ ಅಕ್ಷಮ್ಯ ಪ್ರಮಾದದಿಂದ ರಾಷ್ಟ್ರದ ಕನಸು ನುಚ್ಚುನೂರಾಯಿತು.’

ಪತ್ರಿಕೆಯ ಫೋಟೋದಲ್ಲಿ ಆ ಮನುಷ್ಯ ಬರೀ ಮಸಿಯ ಚುಕ್ಕಿ. ನೀವು ದೊಡ್ಡದು ಮಾಡಿ, ಒಳ್ಳೆಯ ಹಾಳೆಯಲ್ಲಿ ಅಚ್ಚು ಹಾಕಿಸಿದ್ದೀರಿ. ಎಡ ಮೊಣಕೈಯ ಕೆಳಗೆ ಒಂದು ಮುಕ್ಕೋನದ ಕಲೆ ಎದ್ದು ಕಾಣುತ್ತದೆ. ನಮ್ಮಮ್ಮನದು ಇಸ್ತ್ರಿ ಅಂಗಡಿ. ಎಂಟು ವರ್ಷದವನಾಗಿದ್ದಾಗ ಅಣ್ಣ ಮೇಜಿನ ಮೇಲೆ ಒರಗಿ, ಬಿಸಿ ಪೆಟ್ಟಿಗೆಯ ಮೂತಿಗೆ ಕೈ ಕೊಟ್ಟುಕೊಂಡಿದ್ದ. ಅದರ ಗುರುತು.

“ಯಾಕಕ್ಕ, ಸೂಜಿ ಹಿಡ್ಕೊಂಡು ಹಾಗೇ ಕೂತ್ಬಿಟ್ಟೆ? ದಾರ ಮುಗೀತಾ?” ಎಂದಳು ಎದುರಿಗೆ ಕೂತು ಹೊಲಿಯುವವಳು.

“ಇದು ನಮ್ಮಣ್ಣನ ಕೈ ಕಣೇ.”

ಅವಳು ಬಗ್ಗಿ ನೋಡಿದಳು. “ಹದಿನಾಲ್ಕು ಅಂತ ಬರ್ದಿದ್ದಾರಲ್ಲ?”

“ಬರ್ದಿದ್ದಾರೆ. ಬರಿಯೋಕೇನು.”

ಅಣ್ಣನನ್ನು ಮಣ್ಣು ಮಾಡಿ ಆಗ ಹದಿನಾರು ದಿನ. ನಲವತ್ತೊಂದು ವರ್ಷ ಅವನು ಹುಡುಕಿದ ಸಾಕ್ಷಿಯನ್ನು ನೀವೇ ಅಚ್ಚು ಹಾಕಿಸಿ ನನ್ನ ಮಡಿಲಿಗೆ ಕಳಿಸಿದಿರಿ. ಇಪ್ಪತ್ತು ದಿನ ಮುಂಚೆ ಕಳಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಡೆದದ್ದು ಏನೆಂದು ನಿಮಗೆ ಗೊತ್ತಿಲ್ಲದಿರಬಹುದು, ನೀವಾಗ ಶಾಲೆಯಲ್ಲಿದ್ದಿರಿ. ಕೇಳಿ. ನಿಮ್ಮ ಒಕ್ಕೂಟ ವಿಶ್ವಕಪ್ಪಿಗೆ ಹೋಗುವ ಪ್ರತಿಯೊಬ್ಬ ಆಟಗಾರನಿಗೂ ಕೊಟ್ಟದ್ದು ಒಂದೇ ಒಂದು ಜೆರ್ಸಿ. ಅಧಿಕಾರಿಗಳ ಸೂಟುಗಳಿಗೆ ಬೇರೆ ಪೆಟ್ಟಿಗೆಯಿತ್ತಂತೆ, ಅದನ್ನು ಹೊರಲು ಆಳೂ ಇದ್ದನಂತೆ. ಆಟಗಾರರು ಹೋಟೆಲಿನ ಬಚ್ಚಲಲ್ಲಿ ಜೆರ್ಸಿ ಒಗೆದು ಕಿಟಕಿಗೆ ನೇತುಹಾಕಿ ಮತ್ತೆ ಅದನ್ನೇ ತೊಡಬೇಕು. ನನ್ನ ಅಣ್ಣನನ್ನು ತಂಡದಲ್ಲಿ ಕರೆಯುತ್ತಿದ್ದದ್ದೇ ‘ಇಸ್ತ್ರಿ’ ಎಂದು. ಮೂರನೆಯ ಪಂದ್ಯದ ಬೆಳಿಗ್ಗೆ ಹೋಟೆಲಿನವರಿಂದ ಇಸ್ತ್ರಿ ಪೆಟ್ಟಿಗೆ ಕೇಳಿ ತಂದು, ಒದ್ದೆ ಬಟ್ಟೆ ಹಾಸಿ, ಎಲ್ಲರ ಜೆರ್ಸಿಗೂ ಇಸ್ತ್ರಿ ಹಾಕಿದ. ಸೋತರೂ ಮುದುರಿದ ಬಟ್ಟೆಯಲ್ಲಿ ಸೋಲಬಾರದು ಎಂಬುದು ಅವನ ವಾದ. ಕೊನೆಯದು ತನ್ನದು. ಕೆಳಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಅವಸರಕ್ಕೆ ಒದ್ದೆ ಬಟ್ಟೆ ಹಾಸುವುದನ್ನು ಮರೆತ. ಹುಟ್ಟಿದಾಗಿನಿಂದ ಹತ್ತಿ ಬಟ್ಟೆ ಉಜ್ಜಿದ ಕೈ, ಅದು ನೈಲಾನು. ಪೆಟ್ಟಿಗೆ ಎತ್ತುವಷ್ಟರಲ್ಲಿ ಬೆನ್ನ ಮೇಲಿನ ‘೫’ ಕರಗಿ, ಪೆಟ್ಟಿಗೆಯ ಆಕಾರದ ತೂತು. ಊರಿನವರ ಬಟ್ಟೆಗೆ ಒಂದು ಕಂದು ಕಲೆ ಬೀಳಿಸದ ಮನೆಯವನು ವಿಶ್ವಕಪ್ಪಿನ ದಿನ ತನ್ನ ಅಂಗಿಯನ್ನೇ ಸುಟ್ಟುಕೊಂಡ.

ಹದಿನಾಲ್ಕನೇ ನಂಬರಿನವನಿಗೆ ಎರಡನೆಯ ಪಂದ್ಯದಲ್ಲಿ ಹಿಮ್ಮಡಿ ಊದಿತ್ತು. ಮಂಜುಗಡ್ಡೆಯ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಅಲ್ಲಿಂದಲೇ ತನ್ನ ಜೆರ್ಸಿ ಬಿಚ್ಚಿ ಎಸೆದ.

“ತಗೋ ಇಸ್ತ್ರಿ, ನಂದು ಹಾಕ್ಕೋ. ನನ್ನ ಕಾಲಂತೂ ಇವತ್ತು ಬೂಟೊಳಗೆ ಹೋಗಲ್ಲ. ವಾಪಸ್ ಕೊಡುವಾಗ ಇಸ್ತ್ರಿ ಮಾಡಿ ಕೊಡು. ಸುಟ್ಟು ಕೊಡ್ಬೇಡ ಮಾರಾಯ.”

ಎಲ್ಲರೂ ನಕ್ಕರಂತೆ. ತಂಡದ ವ್ಯವಸ್ಥಾಪಕರು, ಅಂದರೆ ಆಮೇಲೆ ನಿಮ್ಮ ಕಾರ್ಯದರ್ಶಿಯಾಗಿ ಈಗ ಇತಿಹಾಸ ಸಮಿತಿಯ ಹಿರಿಯರಾಗಿರುವವರು, ಆಟಗಾರರ ಪಟ್ಟಿಯಲ್ಲಿ ಐದು ಹೊಡೆದು ಹದಿನಾಲ್ಕು ಬರೆದರು. “ಇಷ್ಟು ದೂರದಲ್ಲಿ ನಮ್ಮ ಮುಖ ಯಾರಿಗಯ್ಯಾ ಗೊತ್ತು?” ಎಂದರು.

ಆಟ ಒಂದಕ್ಕೊಂದು ಸಮ. ಹಾಗೇ ಮುಗಿದಿದ್ದರೆ ನಾವು ಮುಂದಿನ ಸುತ್ತಿಗೆ. ಇನ್ನು ನಾಲ್ಕೇ ನಿಮಿಷ. ಬಲಗಡೆಯಿಂದ ಬಂದ ಚೆಂಡನ್ನು ಹೊರಗಟ್ಟಲು ಅಣ್ಣ ಕಾಲು ಚಾಚಿದ. ಆಮೇಲಿನದು ಅರವತ್ತೆರಡನೆಯ ಪುಟದಲ್ಲಿದೆ.

ಇಲ್ಲಿ ನಮಗೆ ಟಿ.ವಿ. ಇರಲಿಲ್ಲ. ರೇಡಿಯೋದವನು ನಂಬರು ನೋಡಿ ಹೆಸರು ಹೇಳಿದ, ನಾವು ಕೇಳಿದೆವು. ಇಸ್ತ್ರಿ ಅಂಗಡಿಯ ಮುಂದೆ ನಿಂತಿದ್ದ ಬೀದಿಯೆಲ್ಲ ಹದಿನಾಲ್ಕನೇ ನಂಬರಿನವನ ತಾಯಿಯನ್ನು ಎತ್ತಿ ಬೈಯಿತು. ನಾನೂ ಬೈದೆ. ಅಮ್ಮ ಮಾತ್ರ, “ಪಾಪ, ಯಾರ ಮಗನೋ,” ಎಂದಳು.

ಅಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ವ್ಯವಸ್ಥಾಪಕರು ಬಾಗಿಲು ಹಾಕಿಕೊಂಡು ಹೇಳಿದರಂತೆ: “ಒಬ್ಬನ ಹೆಸರಲ್ಲಿ ಇನ್ನೊಬ್ಬ ಆಡಿದ್ದು ಹೊರಗೆ ಬಿದ್ರೆ ಮೂರು ಪಂದ್ಯಾನೂ ಅಳಿಸಿ ಹಾಕ್ತಾರೆ. ನಾವು ಇಲ್ಲಿಗೆ ಬಂದೇ ಇರ್ಲಿಲ್ಲ ಅಂತಾಗುತ್ತೆ.” ಬಾಯಿ ತೆರೆದವನು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡವನೇ. “ಇರ್ಲಿ ಬಿಡಿ. ನಾಲ್ಕು ದಿನ ಬೈತಾರೆ, ಆಮೇಲೆ ಮರೀತಾರೆ.”

ಮರೆತರೇ, ಅಧ್ಯಕ್ಷರೇ? ಅವನು ಬಸ್ ಡಿಪೋದಲ್ಲಿ ಫಿಟ್ಟರ್. ಕೆಲಸಕ್ಕೆ ವಾಪಸಾದ ದಿನ ಅವನ ಸಲಕರಣೆ ಪೆಟ್ಟಿಗೆಯ ಮೇಲೆ ಬಿಳೀ ಬಣ್ಣದಲ್ಲಿ ೧೪ ಎಂದು ಬರೆದಿತ್ತು. ಅವನು ಅಳಿಸಿದ, ಅವರು ಬರೆದರು. ಮೂರನೆಯ ಸಲ ಅವನು ಅಳಿಸಲಿಲ್ಲ. ಅವನಿಗೆ ಇದ್ದ ಹೆಸರು ಹೋಗಿ ‘ಹದಿನಾಲ್ಕು’ ಎಂಬುದೇ ಹೆಸರಾಯಿತು. “ಹದಿನಾಲ್ಕು, ಸ್ಪ್ಯಾನರ್ ಕೊಡು. ನಮ್ಮ ಕಡೆಗೇ ಎಸೀಬೇಡ.” ಇಂಥ ಮಾತಿಗೆ ನಿವೃತ್ತಿಯವರೆಗೂ ನಗಬೇಕಾಯಿತು ಅವನು. ಒಮ್ಮೆ ಆಟ ನೋಡಲು ಹೋಗಿ, ಟಿಕೆಟ್ಟಿನ ಸಾಲಿನಲ್ಲಿ ಯಾರೋ ಗುರುತು ಹಿಡಿದು, ಹರಿದ ಅಂಗಿಯಲ್ಲಿ ಮನೆಗೆ ಬಂದ. ಅಂದಿನಿಂದ ಕ್ರೀಡಾಂಗಣದ ಗೇಟು ದಾಟಿಲ್ಲ. ಫುಟ್‌ಬಾಲ್ ಬಿಟ್ಟರೆ ಬೇರೇನೂ ಗೊತ್ತಿರದ ಮನುಷ್ಯ.

ನನ್ನ ಅಣ್ಣ ಒಂಬತ್ತು ವರ್ಷ ಸುಮ್ಮನಿದ್ದ. ಇದನ್ನು ನಾನು ಮುಚ್ಚಿಡುವುದಿಲ್ಲ. ಮನೆಗೆ ಬಂದ ವಾರದಲ್ಲೇ ಅವನು ಅಮ್ಮನಿಗೂ ನನಗೂ ಎಲ್ಲ ಹೇಳಿದ್ದ, ನಾನೂ ಸುಮ್ಮನಿದ್ದೆ. ಕಾರ್ಮಿಕ ಸಂಘಟನೆಯವರ ಜೊತೆ ಬೀದಿಯಲ್ಲಿ ನಿಂತು ಸತ್ಯ, ನ್ಯಾಯ ಎಂದು ಗಂಟಲು ಹರಿದುಕೊಳ್ಳುತ್ತಿದ್ದ ನಾನು ಮನೆಯೊಳಗೆ ಬಾಯಿ ಹೊಲಿದುಕೊಂಡಿದ್ದೆ. ಹೊಲಿಗೆ ನನ್ನ ಕಸುಬು ನೋಡಿ. ಒಂಬತ್ತನೆಯ ವರ್ಷ ಅಣ್ಣ ಆ ಫಿಟ್ಟರನ ಮನೆಗೆ ಹೋದಾಗ, ಅವನ ಮಗಳು ಶಾಲೆಗೆ ಹೋಗಲ್ಲ ಎಂದು ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ನಂಬರು ಹದಿನಾಲ್ಕು ಬಂದಿತ್ತು. ಟೀಚರು ಕೂಗಿದಾಗ ಕ್ಲಾಸೆಲ್ಲ ನಕ್ಕಿತ್ತು. ಅಣ್ಣ ಕಾಫಿ ಕುಡಿಯದೆ ಎದ್ದು ಬಂದ. ಅವತ್ತೇ ಮೊದಲನೆಯ ಅರ್ಜಿ ಬರೆದ.

ನಿಮ್ಮ ಉತ್ತರಗಳೆಲ್ಲ ನನ್ನ ಬಳಿ ಇವೆ. ಕಾಗದ ಬದಲಾಗಿದೆ, ಸಹಿ ಬದಲಾಗಿದೆ, ಸಾಲು ಒಂದೇ: ‘ಸದರಿ ಗೋಲು ತಮಗೆ ಸಂಬಂಧಿಸಿದ್ದೆಂಬುದಕ್ಕೆ ದಾಖಲೆಗಳಲ್ಲಿ ಆಧಾರವಿರುವುದಿಲ್ಲ. ಸದರಿ ಪಂದ್ಯದಲ್ಲಿ ತಾವು ಆಡಿರುವುದಿಲ್ಲ.’ ತಪ್ಪು ಮಾಡಿದವನು ತಾನೇ ಬಂದು ಕೈ ಎತ್ತಿದರೆ, ನೀನು ಮಾಡಿಲ್ಲ, ಹೋಗು ಎನ್ನುವ ಕಚೇರಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಇಷ್ಟು ದಯೆ ನಿಮಗೆ ಎಲ್ಲಿಂದ ಬಂತು? ಅದರಲ್ಲಿ ಒಂದು ಚಮಚ ಆ ಫಿಟ್ಟರನ ಮಗಳ ಕಡೆ ಹರಿಯಬಾರದಿತ್ತೇ?

ನಮ್ಮ ಸಂಘಟನೆಯ ಗೆಳೆಯನೊಬ್ಬ ಒಮ್ಮೆ ಅಣ್ಣನಿಗೆ ಹೇಳಿದ: “ಗೋಲು ನೀನೂ ಹೊಡೀಲಿಲ್ಲ, ಅವನೂ ಹೊಡೀಲಿಲ್ಲ. ಆಳಿಗೊಂದೇ ಜೆರ್ಸಿ ಕೊಟ್ಟ ಕಚೇರಿ ಹೊಡೀತು. ಹಾಗಂತ ಬರಿ.” ನನಗೆ ಆ ಮಾತು ಇಷ್ಟವಾಗಿತ್ತು. ಅಣ್ಣ ಒಪ್ಪಲಿಲ್ಲ. “ಜೆರ್ಸಿ ಅವರದು ಸರಿ. ಕಾಲು ನಂದಲ್ವಾ?” ಎಂದ. ಇಷ್ಟು ನೇರವಾದ ಒಂದು ವಾಕ್ಯ ನಿಮ್ಮ ಮುನ್ನೂರು ಪುಟದ ಇತಿಹಾಸದಲ್ಲಿ ನನಗೆ ಸಿಗಲಿಲ್ಲ. ಮಡಿಸುತ್ತ ಮಡಿಸುತ್ತ ಎಲ್ಲ ಫಾರಮ್ಮನ್ನೂ ಓದಿದ್ದೇನೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮಗಿರುವುದು ಒಂದೇ ವಿಶ್ವಕಪ್. ಮೂರು ಪಂದ್ಯ, ಎರಡು ಗೋಲು. ಅದನ್ನೂ ಅಳಿಸಿಬಿಟ್ಟರೆ? ಅಳಿಸಲಿ ಬಿಡಿ. ಒಬ್ಬ ಬದುಕಿರುವ ಮನುಷ್ಯನ ಬೆನ್ನ ಮೇಲೆ ನಿಲ್ಲಿಸಿದರೆ ಮಾತ್ರ ನಿಲ್ಲುವ ಇತಿಹಾಸ ನಿಮಗೆ ಬೇಕಿದ್ದರೆ, ಆ ಬೆನ್ನನ್ನು ಒಂದು ಮಾತು ಕೇಳಿದ್ದೀರಾ?

ಬಿಡುಗಡೆಗೆ ಬದುಕಿರುವ ಆಟಗಾರರನ್ನೆಲ್ಲ ಕರೆದಿದ್ದೀರಿ, ಹದಿನಾಲ್ಕನೇ ನಂಬರಿನವನೊಬ್ಬನನ್ನು ಬಿಟ್ಟು. ನಿಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದೆ. “ಜನ ಗಲಾಟೆ ಮಾಡ್ತಾರಮ್ಮ. ಅವರ ಒಳ್ಳೇದಕ್ಕೇ ಕರೆದಿಲ್ಲ,” ಎಂದರು. ಅಣ್ಣ ತೀರಿಕೊಂಡ ದಿನ ಅವನು ಕೋಲೂರಿಕೊಂಡು ಬಂದಿದ್ದ. ಹೃದಯದ ತೊಂದರೆ, ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಕಡೆ ನಿಂತ. ಅಣ್ಣನ ತಲೆಯ ಬಳಿ ಕೂತು ಹೇಳಿದ: “ಇನ್ನು ಬಿಟ್ಬಿಡಮ್ಮ. ಸತ್ತವನ ಮೇಲೆ ಯಾಕೆ ಹಾಕ್ತೀಯ? ನಂಗೆ ಅಭ್ಯಾಸ ಆಗಿದೆ.”

“ನಮ್ಮಣ್ಣ ಕೇಳ್ಕೊಂಡಿದ್ದೇ ಅದನ್ನ.”

“ಗೊತ್ತು. ಹಟಮಾರಿ ನನ್ಮಗ,” ಎಂದು ಅಣ್ಣನ ಹಣೆ ಸವರಿದ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಪುಸ್ತಕ ಮತ್ತೆ ಅಚ್ಚು ಹಾಕಿಸಬೇಡಿ. ಬೆರಳಗಲದ ಒಂದು ಚೀಟಿ ಸಾಕು: ‘ಪುಟ ೬೩, ಸಾಲು ೧೧. ಹದಿನಾಲ್ಕು ಎಂದಿರುವಲ್ಲಿ ಐದು ಎಂದು ಓದಿಕೊಳ್ಳಿ.’ ಅಕ್ಷರ ತಪ್ಪಾದರೆ, ಫೋಟೋ ತಲೆಕೆಳಗಾದರೆ ಇಂಥ ಚೀಟಿ ಎಷ್ಟು ಅಂಟಿಸಿದ್ದೇವೆ ನಾವು. ಒಬ್ಬ ಮನುಷ್ಯನಿಗಾಗಿ ಒಂದು ಅಂಟಿಸಲಾರೆವೇ? ಶೆಡ್ಡಿನ ಏಳು ಜನ ಹೆಂಗಸರೂ ಕೂಲಿ ಬೇಡ ಎಂದಿದ್ದಾರೆ. ಎರಡು ಸಾವಿರ ಪ್ರತಿ, ಎರಡು ದಿನದ ಕೆಲಸ. ಅದೇ ಕೈಯಿಂದ ಅವನಿಗೊಂದು ಆಹ್ವಾನ ಪತ್ರಿಕೆ ಕಳಿಸಿ, ಇಪ್ಪತ್ತನೇ ತಾರೀಕು ಮುಂದಿನ ಗೇಟಿನಿಂದಲೇ ಒಳಗೆ ಕರೆದುಕೊಳ್ಳಿ. ಅಲ್ಲಿಯವರೆಗೆ ನಾಲ್ಕನೆಯ ಫಾರಂ ನನ್ನ ಮೇಜಿನ ಪಕ್ಕದಲ್ಲಿ ಹೊಲಿಯದೆ ಹಾಗೇ ಇದೆ. ಇದು ಬೆದರಿಕೆಯೇ ಎಂದು ಕೇಳಿದರೆ, ಹೌದು.

ಇನ್ನೊಂದು ವಿಷಯ. ಹದಿನಾಲ್ಕನೇ ನಂಬರಿನ ಆ ಜೆರ್ಸಿ ನಮ್ಮ ಮನೆಯಲ್ಲೇ ಇದೆ. ಅಣ್ಣ ಪ್ರತಿ ವರ್ಷ ಒಗೆದು ಅವನ ಮನೆಗೆ ತೆಗೆದುಕೊಂಡು ಹೋಗುತ್ತಿದ್ದ. ಅವನು ಪ್ರತಿ ವರ್ಷ ಒಂದೇ ಮಾತು ಹೇಳಿ ಕಳಿಸುತ್ತಿದ್ದ: “ನಿನ್ನ ಹತ್ರಾನೇ ಇರ್ಲಿ ಇಸ್ತ್ರಿ. ಇಲ್ಲಿಟ್ರೆ ಮಗಳು ಒಲೆಗೆ ಹಾಕ್ತಾಳೆ.” ನಿನ್ನೆ ಅದಕ್ಕೆ ನಾನು ಇಸ್ತ್ರಿ ಹಾಕಿದೆ. ಒದ್ದೆ ಬಟ್ಟೆ ಹಾಸುವುದನ್ನು ಮರೆಯಲಿಲ್ಲ. ಈ ಸಲ ಅವನು ತೆಗೆದುಕೊಳ್ಳುವ ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ.

ಇಂತಿ,
ನಿಮ್ಮ ಇತಿಹಾಸವನ್ನು ಮೂರು ಫಾರಮ್ಮಿನವರೆಗೆ ಹೊಲಿದು ಸೂಜಿ ಕೆಳಗಿಟ್ಟವಳು,
ನಿಮ್ಮ ದಾಖಲೆಗಳ ಪ್ರಕಾರ ಆ ದಿನ ಆಡಿರದ ಐದನೇ ನಂಬರಿನವನ ತಂಗಿ