ಅತ್ತೆ ಆಡಿ ನೋಡಿದ ಆಟ

ಮಾರ್ಚ್ 4, ಬೆಳಗ್ಗೆ

ಮತ್ತೆ ಕಂಪೈಲ್ ಆಗಲಿಲ್ಲ, ನನ್ನ ಕನ್ನಡ ಆಟದೊಳಗೆ ಕೂರಲೇ ಇಲ್ಲ. ಅನುವಾದದ ಫೈಲಿನಲ್ಲಿ ಎಲ್ಲೋ ಒಂದು ಪರ್ಸೆಂಟ್ ಚಿಹ್ನೆ ಬಿಟ್ಟಿದ್ದೇನೆ. ಆಡುವವರ ಹೆಸರು ಬಂದು ಕೂರುವ ಜಾಗ ಅದು. ಹುಡುಕಿ ಹಾಕಿದೆ. ಈಗ ಬೇರೆ ಸಾಲು ತಪ್ಪಂತೆ. ಎತ್ತು ಏರಿಗೆ, ಕೋಣ ನೀರಿಗೆ.

ಯಾರೋ ಎಲ್ಲೋ ಕೂತು ಬಿಟ್ಟಿಯಾಗಿ ಬರೆದು ಹಂಚಿದ ಕಂಪ್ಯೂಟರ್ ಆಟ. ಖಾಲಿ ದ್ವೀಪದಲ್ಲಿ ಊರು ಕಟ್ಟುವುದು. ಕನ್ನಡಕ್ಕೆ ತರುತ್ತಿರುವವಳು ನಾನೊಬ್ಬಳೇ. ಇವರು ಬಿಟ್ಟುಹೋದ ಮೇಲೆ ಸಂಜೆಗಳು ಉದ್ದವಾದವು... ಈ ಕೆಲಸ ಹಿಡಿದುಕೊಂಡೆ.

ಹಜಾರದಲ್ಲಿ ಅತ್ತೆಯ ಕೆಮ್ಮು. ಮಗ ಬೇರೆ ಸಂಸಾರ ಹೂಡಿದಾಗ ಜೊತೆಗೆ ಹೋಗದೆ ಇಲ್ಲೇ ಉಳಿದರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. "ಊಟಕ್ಕೆ ಹಾಕ್ಲಾ?" "ಹೂಂ." ಮಾತು ಅಷ್ಟೇ.

ಮಾರ್ಚ್ 6

ಕಂಪೈಲ್ ಆಯಿತು! ಆದರೆ ಇನ್ನೊಬ್ಬರು ಆಡಿ ನೋಡಿ ಸರಿ ಅನ್ನದೆ ಆಟ ಬರೆದವರು ಹೊಸ ಆವೃತ್ತಿಗೆ ಕನ್ನಡ ಸೇರಿಸುವುದಿಲ್ಲವಂತೆ. ಇನ್ನೊಬ್ಬರು ಅಂದರೆ ಯಾರು? ಫೋನಿನಲ್ಲಿ ಹೆಸರುಗಳನ್ನು ನೋಡುತ್ತ ಹೋದೆ. ಪ್ಲಂಬರ್. ಗ್ಯಾಸ್. ಹಲ್ಲಿನ ಡಾಕ್ಟರ್.

ಮಾರ್ಚ್ 7, ಸಂಜೆ

ನಾಚಿಕೆ ಬಿಟ್ಟು ಅತ್ತೆಯನ್ನೇ ಕೇಳಿದೆ. "ನಂಗೇನ್ ಬರುತ್ತಮ್ಮ ಅದೆಲ್ಲ" ಎಂದರು. ಎಂದವರೇ ಕನ್ನಡಕ ಹುಡುಕಿಕೊಂಡು ಬಂದರು.

ಮೊದಲ ದೋಣಿಯೇ ಮುಳುಗಿತು. ಪರದೆಯ ಮೇಲೆ: ನೀನು ಸೋತೆ.

"ಇದೇನಮ್ಮ, ಮುಖಕ್ಕೆ ಹೊಡೆದ ಹಾಗೆ! ಯಾರು ಬರೆದಿದ್ದು?"

"ನಾನೇ."

"ಈ ಸಲ ಆಗ್ಲಿಲ್ಲ ಅಂತ ಬರಿ. ಸೋತೋರಿಗೆ ಸೋತಿದ್ದು ಗೊತ್ತಿರಲ್ವಾ?"

ಕೀಬೋರ್ಡ್ ಎಳೆದುಕೊಂಡು ಆ ಸಾಲು ಬದಲಾಯಿಸಿದೆ.

ಮಾರ್ಚ್ 15

ಅತ್ತೆಗೆ ಆಟದ ಹುಚ್ಚು ಹಿಡಿದಿದೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ ದ್ವೀಪದಲ್ಲಿ ಬಾವಿ, ಬೇಕರಿ, ಒಂದು ಶಾಲೆ.

"ನಿರ್ಮಾಣ ಕಾರ್ಯ ಪ್ರಗತಿಯಲ್ಲಿದೆ... ಏನೇ ಇದು, ಸರ್ಕಾರಿ ಬೋರ್ಡಾ? ಕಟ್ತಾ ಇದಾರೆ ಅನ್ನು, ಸಾಕು."

ನಕ್ಕುಬಿಟ್ಟೆ. ಈ ಮನೆಯಲ್ಲಿ ನನ್ನ ನಗು ಕೇಳಿ ನಾನೇ ಬೆಚ್ಚಿದೆ. 'ಅಮ್ಮ' ಹೋಗಿ 'ಏನೇ' ಬಂದಿದೆ. ಯಾವಾಗ ಬಂತೋ.

ತಿದ್ದಿದ ಫೈಲು ಕಳಿಸಿದೆವು, ಅತ್ತೆಯ 'ಸರಿ ಇದೆ' ಸಮೇತ.

ಮಾರ್ಚ್ 24

ಇವರ ಫೋನ್. ನನಗಲ್ಲ, ಅತ್ತೆಗೆ. ಆ ಮನೆಯವಳಿಗೆ ಹೆರಿಗೆ ಹತ್ತಿರ, ಅಮ್ಮ ಬರಬೇಕಂತೆ. ಅತ್ತೆ ಬಾಗಿಲ ಬಳಿ ಬಂದು ನಿಂತರು.

"ಹೋಗ್ಬೇಡಿ ಅನ್ನೋದಾದ್ರೆ ಅನ್ನು."

"ಹೋಗಿ ಅತ್ತೆ. ಮಗು ಏನ್ ಮಾಡಿದೆ?"

ಮಾತು ಆಡಿದರೆ ಹೋಯಿತು. ಆಡಿಬಿಟ್ಟೆ.

ಏಪ್ರಿಲ್ 2

ಹೊಸ ಆವೃತ್ತಿ ಬಂದಿದೆ. ಭಾಷೆಗಳ ನಡುವೆ ಕನ್ನಡವೂ ಇದೆ. "ಅತ್ತೆ, ನೋಡಿ—" ಎಂದು ತಿರುಗಿದೆ. ಅತ್ತೆ ಕೂರುತ್ತಿದ್ದ ಕುರ್ಚಿ. ಅದರ ಮೇಲೆ ಮಡಿಸದ ಬಟ್ಟೆ.

ಏಪ್ರಿಲ್ 9, ಸಂಜೆ

ಅತ್ತೆಯ ಫೋನ್. ಹೆಣ್ಣು ಮಗು. ಅಳು ಕೇಳಿಸಿತು, ಗಟ್ಟಿ ಗಂಟಲು. ಫೋನನ್ನು ಇನ್ನೊಂದು ಕಿವಿಗೆ ಹಿಡಿದು "ಸಂತೋಷ ಅತ್ತೆ" ಎಂದೆ.

ಆ ಕಡೆ ಬಾಗಿಲು ಹಾಕಿದ ಸದ್ದು. ದನಿ ಇಳಿಸಿ ಹೇಳಿದರು: "ಬಾಣಂತನ ಮುಗಿಸಿ ಬಂದ್ಬಿಡ್ತೀನಿ ಕಣೇ. ನನ್ನ ಹಾಸಿಗೆ ಎತ್ತಿಟ್ಟಿಲ್ಲ ತಾನೇ?"

"ಇಲ್ಲ."

ಎತ್ತಿಟ್ಟಿದ್ದೆ, ಅಟ್ಟದ ಮೇಲೆ. ಈಗ ಇಳಿಸಿದ್ದೇನೆ. ನಾಳೆ ಬಿಸಿಲಿಗೆ ಹಾಕಬೇಕು. ದಿಂಬಿನ ಕವರ್ ಒಗೆದು... ಇನ್ನೊಂದು ದಿಂಬು ಎಲ್ಲಿ ಇಟ್ಟೆ, ಆ ಹಳೇ ಟ್ರಂಕಿನಲ್ಲೇ ಇರಬೇಕು, ನೋಡಿ ಬರುತ್ತೇನೆ.