ಸಾಲಿನ ಕೊನೆಯ ಸೈಕಲ್

ರಾಗಿಗುಡ್ಡ, ಶಿವಮೊಗ್ಗ
13 ಸೆಪ್ಟೆಂಬರ್ 1998, ಭಾನುವಾರ

ಪ್ರೀತಿಯ ಮಗ ಆನಂದನಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಪುಣೆಯ ಊಟ ಈಗಲಾದರೂ ಒಗ್ಗಿತಾ? ಮೂರು ಹೊತ್ತೂ ಚಪಾತಿ ತಿಂದು ಸಾಕಾಗಿದೆ ಎಂದು ನೀನು ಬರೆದಾಗಿನಿಂದ ನಿಮ್ಮಮ್ಮ ಅನ್ನ ಬಸಿಯುವಾಗೆಲ್ಲ ನಿನ್ನ ಹೆಸರು ಹೇಳುತ್ತಾಳೆ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನಿನ್ನ ಮಗಳು ಮಧುಶ್ರೀಗೆ ಟೆಸ್ಟ್ ಮುಗಿದಿದೆ, ಫಿಸಿಕ್ಸ್ ಒಂದನ್ನು ಮಾತ್ರ ಕೇಳಬೇಡ. ನಿನ್ನ ಹೆಂಡತಿ ಶೀಲಾ ಮೊಣಕೈ ತರಚಿಕೊಂಡಿದ್ದಾಳೆ. ಗಾಬರಿ ಬೇಡ, ಅರಿಶಿನ ಹಚ್ಚಿಕೊಂಡು ಓಡಾಡಿಕೊಂಡಿದ್ದಾಳೆ. ನನ್ನ ಆರೋಗ್ಯದ ವಿಷಯ ಕೊನೆಯಲ್ಲಿ ಜಾಗ ಉಳಿದರೆ ಬರೆಯುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತು ಮಾತಿಗೂ ಮಧ್ಯೆ ಬಾಯಿ ಹಾಕುತ್ತೀಯ. ಕಾಗದವಾದರೆ ನೀನು ಅಲ್ಲಿ ಎಷ್ಟು ಕೂಗಾಡಿದರೂ ನನಗೆ ಕೇಳುವುದಿಲ್ಲ.

ನಿನ್ನ ಕಾಗದ ತಲುಪಿತು. ಮಧುಶ್ರೀಯ ಸೈಕಲನ್ನು ಸುಬ್ಬಪ್ಪನ ಸೈಕಲ್ ಶಾಪಿಗೆ ಮಾರಿಬಿಡಿ, ಕಾಲೇಜಿಗೆ ಆಟೋ ಗೊತ್ತು ಮಾಡಿ, ದೀಪಾವಳಿಗೆ ನಾನು ಬಂದಾಗ ಆ ಸೈಕಲ್ ಮನೆಯಲ್ಲಿ ಇರಕೂಡದು ಎಂದು ಬರೆದಿದ್ದೀಯ. ಓದಿದ ದಿನ ಹುಡುಗಿ ಊಟ ಬಿಟ್ಟಳು. ಮಾರನೆಯ ದಿನ ಅವಳಜ್ಜಿ ಕಡುಬು ಮಾಡಿದ್ದರಿಂದ ಉಪವಾಸ ಮುಗಿಯಿತು, ಸಿಟ್ಟು ಮುಗಿದಿಲ್ಲ. ನನಗೆ ಮೊದಲು ನಗು ಬಂತು. ಕಾರಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ, ದಿನಾ ಸಾಲುಗಟ್ಟಲೆ ಕಾರುಗಳನ್ನು ರಸ್ತೆಗೆ ಬಿಟ್ಟು, ರಸ್ತೆ ತುಂಬ ಕಾರುಗಳಾಗಿವೆ ಹುಷಾರು ಎಂದು ಮನೆಗೆ ಕಾಗದ ಬರೆಯುವವನು ನೀನೊಬ್ಬನೇ ಇರಬೇಕು. ಆದರೆ ಮುಂದಿನದನ್ನು ಓದಿ ನಗು ನಿಂತುಹೋಯಿತು. ನಿಮ್ಮ ಗೇಟಿನ ಎದುರು ಕಾರು ಗುದ್ದಿ ಸೈಕಲ್ಲಿನಿಂದ ಬಿದ್ದ ಹುಡುಗಿಯ ಬ್ಯಾಗನ್ನು, ಅವಳ ಮನೆಯವರು ಬರುವ ತನಕ ನೀನೇ ಹಿಡಿದುಕೊಂಡು ನಿಂತಿದ್ದೆಯಂತೆ. ಅದು ಥೇಟ್ ಮಧುಶ್ರೀಯ ಬ್ಯಾಗಿನ ಹಾಗೇ ಇತ್ತಂತೆ. ಆ ಮಗು ಕಾಲು ಮುರಿದುಕೊಂಡರೂ ಬದುಕಿತಲ್ಲ, ದೇವರು ದೊಡ್ಡವನು. ನಿನ್ನ ಹೆದರಿಕೆಯನ್ನು ನಾನು ತಮಾಷೆ ಮಾಡುವುದಿಲ್ಲಪ್ಪ. ಇಲ್ಲಿಯ ಬಿ.ಎಚ್. ರಸ್ತೆಯೂ ನೀನು ಬಿಟ್ಟುಹೋದ ಹಾಗಿಲ್ಲ. ಸಾಲ ಕೊಡುವವರು ಮನೆ ಬಾಗಿಲಿಗೇ ಬರುತ್ತಾರೆ, ಎಲ್ಲರೂ ಕಾರು ಕೊಳ್ಳುತ್ತಾರೆ, ಕೊಂಡ ಮೇಲೆ ಓಡಿಸುವುದನ್ನು ರಸ್ತೆಯಲ್ಲೇ ಕಲಿಯುತ್ತಾರೆ.

ಆದರೂ ನೀನು ಹೇಳಿದ ಆಟೋವನ್ನು ಹೋಗಿ ನೋಡಿಬಂದೆ. ಮಕ್ಕಳನ್ನು ಮೆಣಸಿನಕಾಯಿ ಮೂಟೆಯ ಹಾಗೆ ಒತ್ತಿ ತುಂಬಿದ್ದ. ಒಬ್ಬಳ ಅರ್ಧ ಮೈ ಹೊರಗೇ ಇತ್ತು. ಮಧ್ಯಾಹ್ನ ಕಾಲೇಜು ಬಿಟ್ಟ ಕೂಡಲೆ ಅವನು ಹೊರಟುಬಿಡುತ್ತಾನೆ, ಪ್ರಾಕ್ಟಿಕಲ್ ಇರುವ ದಿನ ಸಂಜೆ ತನಕ ಕಾಯುವುದಿಲ್ಲವಂತೆ. ಹಾಗಾದರೆ ಸೈನ್ಸ್ ಬಿಟ್ಟು ಬೇರೆ ಏನಾದರೂ ತಗೊಳ್ಳಲಿ ಎಂದು ನಿಮ್ಮಮ್ಮ ಬಹಳ ಸುಲಭವಾಗಿ ಹೇಳಿಬಿಟ್ಟಳು. ಆಗ ಹುಡುಗಿಯ ಮುಖ ನೋಡಬೇಕಿತ್ತು ನೀನು. ಆ ಸೈಕಲ್ ಅವಳಿಗೆ ಬರೀ ಸೈಕಲ್ ಅಲ್ಲ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ನಾವು ಮಲವಗೊಪ್ಪದಲ್ಲಿದ್ದ ಕಾಲ ನಿನಗೆ ಅಷ್ಟು ನೆನಪಿರಲಿಕ್ಕಿಲ್ಲ. ಭದ್ರಾವತಿ ಕಾರ್ಖಾನೆಯ ಮೊದಲ ಶಿಫ್ಟಿಗೆ ಇನ್ನೂ ಕತ್ತಲಿರುವಾಗಲೇ ಹೊರಡುತ್ತಿದ್ದೆವು, ಒಬ್ಬೊಬ್ಬರೇ ಅಲ್ಲ, ಗುಂಪಾಗಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಮಧ್ಯದಲ್ಲಿ ಇರಬೇಕು, ಎಲ್ಲರಿಗಿಂತ ಹಳಬ ಕೊನೆಯಲ್ಲಿ. ಕೊನೆಯವನು ಬೆನ್ನಿನ ಮೇಲೆ ಬಿಳಿ ಟವೆಲ್ ಹೊದ್ದುಕೊಳ್ಳಬೇಕು, ಹಿಂದೆ ಬರುವ ಲಾರಿಯವನಿಗೆ ದೂರದಿಂದಲೇ ಕಾಣಲಿ ಎಂದು. ನಮ್ಮ ಗುಂಪಿಗೆ ಓಂಕಾರಪ್ಪನವರು ಕೊನೆಯವರು. ಲಾರಿ ಸದ್ದಿಗೆ ನಾನು ತಿರುಗಿ ತಿರುಗಿ ನೋಡಿದರೆ, ‘ಹಿಂದೆ ನಾನಿದ್ದೀನಿ, ನೀನು ಮುಂದೆ ನೋಡೋ’ ಎನ್ನುತ್ತಿದ್ದರು. ಅವರು ರಿಟೈರ್ ಆದ ದಿನ ಆ ಟವೆಲ್ ನನ್ನ ಹೆಗಲಿಗೆ ಬಂತು. ಭದ್ರಾವತಿ ಗೇಟಿನ ಹತ್ತಿರ ಸೈರನ್ ಆದಾಗ ಕೊನೆಯವನು ಕೈ ಎತ್ತಿದರೆ ಬಸ್ಸುಗಳೂ ನಿಲ್ಲುತ್ತಿದ್ದವು. ರಸ್ತೆ ನಮ್ಮದಾಗಿತ್ತು, ಸುಳ್ಳಲ್ಲ.

ಅದೇ ಧೈರ್ಯದ ಮೇಲೆ, ಆಟೋ ನೋಡಿಬಂದ ಮಾರನೆಯ ದಿನ ಟ್ರಂಕಿನಿಂದ ಟವೆಲ್ ತೆಗೆದು ಹೊದ್ದುಕೊಂಡು, ಮಧುಶ್ರೀ ಮತ್ತು ಅವಳ ಗೆಳತಿಯರ ಹಿಂದೆ ಹೊರಟೆ. ಸರ್ಕಲ್ ಬಂತು. ಭದ್ರಾವತಿಯಲ್ಲೇ ಇದ್ದೇನೆ ಅನ್ನುವ ಹಾಗೆ ಕೈ ಎತ್ತಿ ಹುಡುಗಿಯರಿಗೆ ನಡೀರಿ ಎಂದೆ. ನಾನು ಕೈ ಎತ್ತಿದರೆ ನಿಲ್ಲಬೇಕು ಅನ್ನುವುದು ಶಿವಮೊಗ್ಗದ ಸಿಟಿ ಬಸ್ಸಿನವನಿಗೆ ಯಾರು ಹೇಳಿದ್ದರು? ಬ್ರೇಕ್ ಕಿರುಚಿಕೊಂಡಿತು. ಡ್ರೈವರ್ ತಲೆ ಹೊರಗೆ ಹಾಕಿ, ‘ಏನ್ ಯಜಮಾನ್ರೇ, ದಿಬ್ಬಣ ಹೊರಡಿಸಿದ್ದೀರಾ?’ ಎಂದ. ಬಸ್ಸೆಲ್ಲ ನಕ್ಕಿತು. ಮಧುಶ್ರೀ ವೇಲಿನಲ್ಲಿ ಮುಖ ಮುಚ್ಚಿಕೊಂಡಳು. ಟ್ರಾಫಿಕ್ ಪೊಲೀಸ್ ಪುಟ್ಟಯ್ಯ ಸೀಟಿ ಊದಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ‘ಇಲ್ಲಿ ಕೈ ಎತ್ತೋದು ನನ್ನ ಕೆಲಸ, ನಿಮ್ದಲ್ಲ’ ಎಂದು ಬೈದ. ಬೈಸಿಕೊಂಡೆ. ಅವನು ಹೇಳಿದ್ದು ಸರಿಯಾಗಿತ್ತು.

ಅಲ್ಲಿಂದೀಚೆಗೆ ಬುದ್ಧಿ ಬಂದಿದೆ. ಅಕ್ಕಪಕ್ಕ ಹೋಗುವುದಿಲ್ಲ, ಒಬ್ಬರ ಹಿಂದೆ ಒಬ್ಬರು. ಸರ್ಕಲ್ಲಿನಲ್ಲಿ ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡು ದಾಟುತ್ತೇವೆ. ನಮ್ಮನ್ನು ಕಂಡರೆ ಪುಟ್ಟಯ್ಯ ‘ದಿಬ್ಬಣ ಬಂತು’ ಎಂದು ತಾನೇ ಕೈ ಎತ್ತುತ್ತಾನೆ. ಈಗ ಬೇರೆ ಬೀದಿಯ ಮಕ್ಕಳೂ ದಾರಿಯಲ್ಲಿ ಕಾದು ನಿಂತು ಸೇರಿಕೊಳ್ಳುತ್ತಾರೆ. ಸೈಕಲ್ ಕ್ಷೇಮವೇ ಎಂದು ನೀನು ಕೇಳಿದ್ದೀಯ. ಕ್ಷೇಮ ಎಂದು ನಾನು ಪ್ರಮಾಣ ಮಾಡಲಾರೆ. ಒಂಟಿಯಾಗಿ ಹೋದರೆ ನನಗೂ ಹೆದರಿಕೆಯೇ. ಹಿಂದೆ ಒಬ್ಬರು ಇದ್ದರೆ ಹೋಗಿಬರಬಹುದು, ನನಗೆ ತಿಳಿದಿದ್ದು ಇಷ್ಟೇ. ಆದ್ದರಿಂದ ಸೈಕಲ್ ಇನ್ನೂ ಮಾರಿಲ್ಲ. ನೀನು ಸಿಟ್ಟು ಮಾಡಿಕೊಂಡರೂ ಸರಿ, ಊಟ ಮಾತ್ರ ಬಿಡಬೇಡ, ಅಲ್ಲಿ ಕಡುಬು ಮಾಡಿ ಸಮಾಧಾನ ಮಾಡುವವರು ಯಾರೂ ಇಲ್ಲ.

ಮೈ ಬೆಚ್ಚಗಿಟ್ಟುಕೋ. ನಿಮ್ಮಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇವೆ. ಹೋದಲ್ಲಿ ಬಂದಲ್ಲಿ ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಕೃಷ್ಣಪ್ಪ

ತಾ.ಕ.: ಕವರು ಅಂಟಿಸಲು ಹೊರಟವನನ್ನು ನಿಮ್ಮಮ್ಮ ತಡೆದಳು. ‘ಮುಖ್ಯವಾದದ್ದೇ ಬರೆದಿಲ್ಲವಲ್ಲ’ ಎನ್ನುತ್ತಾಳೆ. ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ಮೊನ್ನೆ ಬಲಗಡೆಯಿಂದ ಬಂದ ವ್ಯಾನು ನನಗೆ ಕಾಣಲೇ ಇಲ್ಲ, ಪುಟ್ಟಯ್ಯ ಕೂಗಿ ಉಳಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಕಣ್ಣು ಕಾಣದವನು ಕೊನೆಯಲ್ಲಿ ಇದ್ದು ಏನು ಮಾಡುವುದು? ಮನೆಗೆ ಬಂದು, ಆನಂದ ಹೇಳಿದ್ದೇ ಸರಿ, ಸೈಕಲ್ ಮಾರೋಣ ಎಂದುಬಿಟ್ಟೆ. ಮಧುಶ್ರೀ ಎದ್ದು ಒಳಗೆ ಹೋದಳು. ಶೀಲಾ ಸುಬ್ಬಪ್ಪನ ಶಾಪಿಗೆ ಹೋಗಿ ಹಳೆಯ ಲೇಡೀಸ್ ಸೈಕಲ್ ಒಂದನ್ನು ತಳ್ಳಿಕೊಂಡು ಬಂದಳು. ನೀನು ಮನೆಯಿಂದ ಶಾಪಿಗೆ ಒಂದು ಸೈಕಲ್ ಹೋಗಲಿ ಎಂದೆ, ಶಾಪಿನಿಂದ ಮನೆಗೆ ಒಂದು ಬಂದಿದೆ. ಅವಳು ತವರಿನಲ್ಲಿ ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದಳಂತೆ, ನಿನಗಾದರೂ ಗೊತ್ತಿತ್ತಾ? ಮೈದಾನದಲ್ಲಿ ಮತ್ತೆ ಅಭ್ಯಾಸ ಮಾಡುವಾಗ ಒಂದು ಸಲ ಬಿದ್ದಳು, ಮೊಣಕೈ ತರಚಿದ್ದು ಹಾಗೆ. ನಾಳೆಯಿಂದ ಟವೆಲ್ ಅವಳದು. ನಾನು ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಗೆ ಹೋಗುತ್ತೇನೆ. ಅವಳು ನಿನಗೆ ಬರೆಯಲು ಹೆದರಿ ನನ್ನ ಮೇಲೆ ಹಾಕಿದ್ದಾಳೆ. ಉತ್ತರ ನನಗೆ ಬರೆಯಬೇಡ, ಅವಳಿಗೆ ಬರೆ. ದೀಪಾವಳಿಗೆ ಬಂದಾಗ ಎರಡು ದಿನ ರಜ ಜಾಸ್ತಿ ಹಾಕು. ನನ್ನ ಸೈಕಲ್ ತಗೊಂಡು ಒಂದು ಬೆಳಿಗ್ಗೆ ಅವರ ಜೊತೆ ಹೋಗಿ ಬಾ, ಮಾರುವುದೋ ಬೇಡವೋ ಆಮೇಲೆ ಹೇಳು. ನೀನು ಈ ರಸ್ತೆಗೆ ಹೊಸಬ, ಮಧ್ಯದಲ್ಲೇ ಇರು. ತಿರುಗಿ ತಿರುಗಿ ನೋಡಬೇಡ, ಹಿಂದೆ ಶೀಲಾ ಇರ್ತಾಳೆ.