ತೊಟ್ಟಿಯ ಉಸಿರು

ಮಾರ್ಚ್ 3, ಸಂಜೆ

ಇವತ್ತೂ ಅದೇ. ಮೀನಿನ ಕಿವಿರಿನ ಮೂಳೆ ಮುಚ್ಚಳ ಎತ್ತು. ಆ ಕಡೆ ನಾಲ್ಕು ಕೆಂಪು ಕಮಾನು, ಈ ಕಡೆ ನಾಲ್ಕು—ಕಿತ್ತು ಬಕೆಟ್ಟಿಗೆ ಎಸೆ. ಹೊಟ್ಟೆ ಸೀಳು. ಬೆನ್ನುಮೂಳೆಯ ಕೆಳಗಿನ ಗಾಳಿಚೀಲ ಟಪ್ಪೆಂದು ಒಡೆ. ಮುಂದಿನ ಮೀನು.

ಶೆಡ್ಡಿಗೆ ಒಂದೂ ಕಿಟಕಿಯಿಲ್ಲ. ಐಸ್ ಮಿಷನ್ನಿನ ಘಾಟು. ಮತ್ತೊಬ್ಬಳು ತಲೆಸುತ್ತಿ ಬಿದ್ದಳು. ಮ್ಯಾನೇಜರ್, "ಮನೇಲಿ ಉಂಡು ಬರಲ್ವೇನ್ರೀ?" ಅಂದ. ಥೂ! ಗಾಳಿ ಕೇಳಿದರೆ ಊಟದ ಮಾತು.

ನಾಳೆ ಮುಷ್ಕರ. ಒಂದೇ ಬೇಡಿಕೆ—ಗೋಡೆ ಒಡೆದು ಕಿಟಕಿ ಇಡಿ.

ಮಾರ್ಚ್ 4, ಬೆಳಿಗ್ಗೆ

ನಮ್ಮ ಮುಂದಾಳು ದೊಡ್ಡಕ್ಕ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟಳು. ಶೆಡ್ಡು ಗಪ್‌ಚುಪ್. ಹೊರಗಿನ ಆಳು ತಂದು ಕೆಲಸ ಮಾಡಿಸುವ ಆಟ ಬಂದ್. ಗೇಟಿನಲ್ಲಿ ಕೂತಿದ್ದೇವೆ. ಎಷ್ಟು ಕಾಲವಾಗಿತ್ತು ಹೀಗೆ ನಕ್ಕು!

ಸಂಜೆ



ಮಧ್ಯಾಹ್ನ ಪಂಪು ನೋಡಿಕೊಳ್ಳುವ ಮಾವ ಓಡಿಬಂದ. "ಎಂಥಾ ಕೆಲ್ಸ ಮಾಡಿದ್ರಿ ತಾಯಂದ್ರಾ! ಜೀವಂತ ಮೀನಿನ ತೊಟ್ಟಿಗೂ ಅದೇ ಲೈನು. ಗಾಳಿ ಪಂಪು ನಿಂತಿದೆ!"

ನಮಗೇನು ಗೊತ್ತು? ನಮ್ಮ ಟೇಬಲ್ಲಿಗೆ ಮೀನು ಸತ್ತೇ ಬರುತ್ತದೆ.

ಓಡಿದೆವು. ತೊಟ್ಟಿ ತುಂಬ ಬಾಯಿಗಳು. ಎಲ್ಲವೂ ಮೇಲೆ ಬಂದು ಏದುಸಿರು. ದೊಡ್ಡಕ್ಕ ಸ್ವಿಚ್ ಹಾಕಿದಳು—ಪಂಪು ಗುಂಯ್ ಎಂದು ಹೊಗೆಬಿಟ್ಟು ನಿಂತಿತು. ಮ್ಯಾನೇಜರ್ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ. "ಸಾಯ್ಲಿ ಬಿಡಿ. ಒಬ್ಬೊಬ್ರನ್ನೂ ಜೈಲಿಗೆ ಕಳಿಸ್ತೀನಿ. ಕಿಟಕಿ ಅಲ್ಲೇ ಸಿಗುತ್ತೆ."

ಮೀನು ಸತ್ತರೆ ಮುಷ್ಕರವೂ ಸತ್ತಂತೆ.

"ನೀರು ಮೊಗೆದು ಎತ್ತರದಿಂದ ಸುರೀರಿ! ಗಾಳಿ ಬೆರೀಲಿ!" ಮಾವ ಪಂಪು ಬಿಚ್ಚುತ್ತಲೇ ಕೂಗಿದ. ಕಿವಿರು ಎಸೆಯುವ ಬಕೆಟ್ಟುಗಳನ್ನೇ ತೊಳೆದು ತಂದೆವು. ಮೊಗೆ, ಎತ್ತು, ಸುರಿ. ತೋಳು ಬಿದ್ದುಹೋಯಿತು.

ಆಗ ನೋಡಿದೆ. ಬಾಯಿ ತೆರೆದಾಗ ಕಿವಿರಿನ ಮುಚ್ಚಳ ಮುಚ್ಚಿರುತ್ತದೆ. ಬಾಯಿ ಮುಚ್ಚಿತೋ, ಮುಚ್ಚಳ ಬಿರಿದು ನೀರು ಹೊರಗೆ. ನೀರಲ್ಲಿ ಕರಗಿದ ಗಾಳಿಯನ್ನು ನಡುವಿನ ಕೆಂಪು ಎಳೆಗಳು ಹೀರಿಕೊಳ್ಳುತ್ತವಂತೆ. ವರ್ಷಗಟ್ಟಲೆ ಕಿತ್ತೆಸೆದಿದ್ದೇನೆ. ಬದುಕಿದ್ದನ್ನು ಕಂಡದ್ದು ಇವತ್ತೇ.

"ನಾಳೆ ಇವನ್ನೇ ಕೊಯ್ತೀಯಲ್ಲೇ," ಪಕ್ಕದ ಟೇಬಲ್ಲಿನವಳು ಅಣಕಿಸಿದಳು.

"ಕೊಯ್ತೀನಿ ಕಣೇ. ಉಸಿರು ಕಟ್ಟಿಸಿ ಸಾಯ್ಸಲ್ಲ."

ಹೊತ್ತು ಇಳಿಯುವಾಗ ಪಂಪು ಗುಳುಗುಳು ಅಂದಿತು. ಒಂದೊಂದೇ ಮೀನು ತಳಕ್ಕಿಳಿಯಿತು. ಒಂದೂ ಸಾಯಲಿಲ್ಲ! ದೊಡ್ಡಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಅತ್ತಳು. ನಾನೂ.

ಮಾರ್ಚ್ 8

ಗೆದ್ದೆವು. ಪಂಪೊಂದನ್ನು ಬಿಟ್ಟು ಉಳಿದದ್ದೆಲ್ಲ ಬಂದ್ ಇಟ್ಟೆವು. ಪಂಪಿಗೆ ನಮ್ಮವರದೇ ಕಾವಲು. ಲಾರಿಗಳು ಖಾಲಿ ನಿಂತವು. ಮ್ಯಾನೇಜರ್ ಶೆಡ್ಡಿನ ಯಜಮಾನನಿಗೆ ವಿಡಿಯೋ ತೋರಿಸಿದನಂತೆ—ಅದರಲ್ಲಿ ಬಕೆಟ್ ಸುರಿಯುವ ನಾವು, 'ಸಾಯ್ಲಿ ಬಿಡಿ' ಎನ್ನುವ ಅವನದೇ ಗಂಟಲು! ಯಜಮಾನ ಕಿಟಕಿಗೆ ಒಪ್ಪಿದ. ದಯೆಯಿಂದಲ್ಲ, ನಷ್ಟಕ್ಕೆ ಹೆದರಿ. ಇರಲಿ.

ಮಾರ್ಚ್ 15, ಮಧ್ಯಾಹ್ನ

ಗೋಡೆ ಒಡೆಯುತ್ತಿದ್ದಾರೆ. ಶೆಡ್ಡೆಲ್ಲ ಧೂಳು, ಬಿಸಿಲು. ಮೊದಲ ಇಟ್ಟಿಗೆ ಬಿದ್ದದ್ದೇ ತಡ, ದೊಡ್ಡಕ್ಕ ಆ ತೂತಿಗೆ ಮುಖವಿಟ್ಟು ನಿಂತುಬಿಟ್ಟಳು. "ಸಾಕು, ಆಚೆ ಸರಿಯೇ ಅಕ್ಕಾ, ನಿನ್ನಪ್ಪನ ಮನೆ ಗಾಳಿಯಾ?" ಎಂದು ಎಲ್ಲರೂ ಸಾಲುಗಟ್ಟಿದರು. ನನ್ನ ಹೆಸರು ಕೂಗುತ್ತಿದ್ದಾರೆ… ನನ್ನ ಸರದಿ, ಉಳಿದದ್ದು ಆಮೇಲೆ ಬರೆ—